ದಿವಾಳಿ ಅರ್ಜಿಗೆ ಮುಂಚೆ: ಅಕ್ಕನ ಕೈಸಾಲ, ಸಂಬಳದ ಖಾತೆ, ಒಡೆಯದ ಲಕೋಟೆಗಳು

ಪ್ರಶ್ನೆ: ನನಗೆ 41 ವರ್ಷ. ಸಣ್ಣದೊಂದು ಮುದ್ರಣದ ವ್ಯವಹಾರ ನಡೆಸುತ್ತಿದ್ದೆ. ಎರಡು ವರ್ಷದ ಹಿಂದೆ ಮುಚ್ಚಿದೆ. ಈಗ ಒಂದು ಕಡೆ ಕೆಲಸದಲ್ಲಿದ್ದೇನೆ. ಮೂರು ಕ್ರೆಡಿಟ್ ಕಾರ್ಡ್, ಒಂದು ಪರ್ಸನಲ್ ಲೋನ್, ವ್ಯವಹಾರಕ್ಕೆ ತೆಗೆದ ಬ್ಯಾಂಕ್ ಸಾಲ, ಅಕ್ಕನ ಹತ್ತಿರ ಕೈಸಾಲ, ಇಷ್ಟು ಬಾಕಿ ಇದೆ. ಬ್ಯಾಂಕ್ ಸಾಲಕ್ಕೆ ಹೆಂಡತಿಯ ತಮ್ಮ ಜಾಮೀನು ನಿಂತಿದ್ದಾನೆ. ಸಂಬಳ ಬರುವುದೂ ಅದೇ ಬ್ಯಾಂಕಿಗೆ. ಬಂದ ದಿನವೇ ಅರ್ಧಕ್ಕಿಂತ ಜಾಸ್ತಿ ಕಂತುಗಳಿಗೆ ಹೋಗುತ್ತದೆ. ಒಂದು ಕಾರ್ಡಿನ ಮಿನಿಮಮ್ ಕಟ್ಟಲು ಇನ್ನೊಂದರಿಂದ ನಗದು ತೆಗೆಯುತ್ತಿದ್ದೇನೆ. ನಾಲ್ಕೈದು ತಿಂಗಳಲ್ಲಿ ದಿವಾಳಿ ಅರ್ಜಿ ಹಾಕೋಣ ಅಂದುಕೊಂಡಿದ್ದೇನೆ. ಅಷ್ಟರಲ್ಲಿ ಬೋನಸ್ ಬರುತ್ತದೆ. ಅದರಲ್ಲಿ ಅಕ್ಕನ ದುಡ್ಡು ತೀರಿಸಿ, ಸಾಲವಿಲ್ಲದ ಹಳೇ ಕಾರನ್ನು ಹೆಂಡತಿ ಹೆಸರಿಗೆ ಮಾಡಿ, ನಿವೃತ್ತಿ ನಿಧಿಯಿಂದ ಒಂದು ಕಾರ್ಡಾದರೂ ಮುಗಿಸಬೇಕು ಅಂತ ಯೋಚನೆ. ಸರಿಯೇ? ಇನ್ನೊಂದು ಮಾತು. ವ್ಯವಹಾರದ ಸಾಲ ಬಿಟ್ಟರೆ ಮಿಕ್ಕಿದ್ದು ಯಾವುದೂ ಹೆಂಡತಿಗೆ ಗೊತ್ತಿಲ್ಲ.

ಉತ್ತರ:

ನೀವು ಮಾಡಬೇಕು ಅಂದುಕೊಂಡ ಮೂರೂ ಬೇಡ. ಅಕ್ಕನಿಗೆ ಈಗ ಕೊಡಬೇಡಿ. ಕಾರಿನ ಹೆಸರು ಬದಲಿಸಬೇಡಿ. ನಿವೃತ್ತಿ ನಿಧಿ ಮುಟ್ಟಬೇಡಿ. ಕಾರಣಗಳನ್ನು ಹೇಳುತ್ತೇನೆ, ಆದರೆ ಮೊದಲು ಈ ಮೂರನ್ನು ನಿಲ್ಲಿಸಿ.

ನಿಮ್ಮ ಪತ್ರದಲ್ಲಿ ಮೋಸದ ಯೋಚನೆ ನನಗೆ ಕಾಣಲಿಲ್ಲ. ಕೈಯಲ್ಲಿ ಇನ್ನೂ ಸ್ವಲ್ಪ ದುಡ್ಡಿರುವಾಗ ನಮ್ಮವರನ್ನು ದಡ ಸೇರಿಸಿ ಆಮೇಲೆ ಮುಳುಗೋಣ ಅನ್ನುವ ಮನಸ್ಸು ಅದು. ನನ್ನ ಮುಂದೆ ಕೂತ ಹತ್ತರಲ್ಲಿ ಏಳೆಂಟು ಜನರದ್ದು ಇದೇ ಕಥೆ. ತೊಂದರೆ ಏನಂದರೆ, ಅರ್ಜಿಗೆ ಮುಂಚಿನ ತಿಂಗಳುಗಳನ್ನು ಆಮೇಲೆ ನಿಮ್ಮ ಆಸ್ತಿ, ಸಾಲದ ಲೆಕ್ಕ ನೋಡುವ ಟ್ರಸ್ಟಿ ಕೂತು ಹಿಂದಿನಿಂದ ಓದುತ್ತಾರೆ. ನೀವು ಅಕ್ಕನ ಮೇಲಿನ ಪ್ರೀತಿಯಿಂದ ಮಾಡಿದ್ದು ಅವರ ಕಣ್ಣಿಗೆ ಬರೀ ಒಂದು ವರ್ಗಾವಣೆ.

ನೀವು ಯಾವ ದೇಶದಲ್ಲಿದ್ದೀರಿ ಅಂತ ಬರೆದಿಲ್ಲ. ಗಡುವುಗಳು ಕಾನೂನಿನಿಂದ ಕಾನೂನಿಗೆ ಬೇರೆ, ಒಳಗಿನ ಲೆಕ್ಕಾಚಾರ ಬಹುಮಟ್ಟಿಗೆ ಒಂದೇ. ಹಾಗಾಗಿ ಸಾಮಾನ್ಯವಾಗಿ ಹೇಳುತ್ತೇನೆ, ಉದಾಹರಣೆಗೆ ಮಾತ್ರ ದೇಶಗಳ ಹೆಸರು ತರುತ್ತೇನೆ.

ಮೊದಲು ಭಯಗಳನ್ನು ಒಂದಿಷ್ಟು ಇಳಿಸೋಣ. "ಪಾಪರ್ ಚೀಟಿ ತಗೊಂಡ" ಅಂತ ನಮ್ಮ ಮಾತಿನಲ್ಲಿ ಹೇಳುವಾಗಲೇ ಅದರಲ್ಲಿ ಅರ್ಧ ಅವಮಾನ ಸೇರಿರುತ್ತದೆ. ಅದಕ್ಕೇ ಇರಬೇಕು, ಜನ ದಿವಾಳಿ ಅಂದರೆ ಉಟ್ಟ ಬಟ್ಟೆಯಲ್ಲಿ ಹೊರಗೆ ಬರಬೇಕು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಬಟ್ಟೆ, ಪಾತ್ರೆ, ಹಾಸಿಗೆ, ಕಸುಬಿನ ಸಾಮಾನು ಇಂಥವನ್ನು ಒಂದು ಮಿತಿಯವರೆಗೆ ಕಾನೂನುಗಳು ಸಾಲಗಾರನಿಗೇ ಬಿಡುತ್ತವೆ. ಜೈಲಿನ ಭಯವೂ ಹಳೇ ಕಾಲದ್ದು. ಇಂಗ್ಲೆಂಡಿನಲ್ಲಿ ಸಾಲಕ್ಕಾಗಿ ಜೈಲಿಗೆ ಹಾಕುವುದು 1869ರ ಕಾಯ್ದೆಯಿಂದ ಬಹುಪಾಲು ನಿಂತಿತು. ಬರೀ ಕೊಡಲು ಆಗದ್ದಕ್ಕೆ ಜೈಲು ಸಲ್ಲದು, ಕೈಯಲ್ಲಿದ್ದೂ ಬೇಕಂತಲೇ ಕೊಡದೆ ಇದ್ದರೆ ಮಾತ್ರ ಬೇರೆ ಮಾತು ಅಂತ ಭಾರತದ ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿತು. ಇಂದು ದಿವಾಳಿಯಲ್ಲಿ ಜನ ಸಿಕ್ಕಿಬೀಳುವುದು ಮುಚ್ಚಿಟ್ಟದ್ದಕ್ಕೆ, ಸುಳ್ಳು ಲೆಕ್ಕ ಕೊಟ್ಟದ್ದಕ್ಕೆ.

ಇನ್ನೊಂದು ಕಡೆ, ಅರ್ಜಿ ಹಾಕಿದರೆ ಎಲ್ಲ ಸಾಲವೂ ಅಳಿಸಿಹೋಗುತ್ತದೆ ಅನ್ನುವುದೂ ತಪ್ಪು. ಮಕ್ಕಳ ಜೀವನಾಂಶ, ಕೋರ್ಟಿನ ದಂಡ, ಮೋಸದಿಂದ ಪಡೆದ ಸಾಲ ಸಾಮಾನ್ಯವಾಗಿ ಹಾಗೇ ಉಳಿಯುತ್ತವೆ. ವಿದ್ಯಾಭ್ಯಾಸದ ಸಾಲ, ತೆರಿಗೆ ಬಾಕಿಯೂ ಹಲವು ಕಡೆ ಬೆನ್ನು ಬಿಡುವುದಿಲ್ಲ. ಅಡಮಾನ ಇಟ್ಟ ಆಸ್ತಿಯ ಮೇಲೆ ಸಾಲ ಕೊಟ್ಟವರ ಹಕ್ಕು ಇದ್ದೇ ಇರುತ್ತದೆ.

ಈಗ ಅಕ್ಕನ ವಿಷಯ. ದಿವಾಳಿ ಕಾನೂನಿನ ಬೇರು ಇಷ್ಟೇ: ಇರುವುದನ್ನು ಎಲ್ಲರಿಗೂ ಪಾಲಿನ ಪ್ರಕಾರ ಹಂಚಬೇಕು. ಆರು ಜನಕ್ಕೆ ಕೊಡಬೇಕಾದವನು ಕೊನೇ ಗಳಿಗೆಯಲ್ಲಿ ಒಬ್ಬರಿಗೆ ಪೂರ್ತಿ ಕೊಟ್ಟರೆ ಮಿಕ್ಕ ಐವರ ಪಾಲು ಕಡಿಮೆಯಾಯಿತು. ಆ ಒಬ್ಬರು ಸಂಬಂಧಿಕರಾದರೆ ಕಾನೂನು ಇನ್ನೂ ಹಿಂದಕ್ಕೆ ಹೋಗಿ ನೋಡುತ್ತದೆ. ಅಮೆರಿಕದಲ್ಲಿ ಬೇರೆಯವರಿಗೆ ಕೊಟ್ಟದ್ದನ್ನು 90 ದಿನ ಹಿಂದಿನವರೆಗೆ ನೋಡಿದರೆ, ಹತ್ತಿರದ ಸಂಬಂಧಿಕರಿಗೆ ಕೊಟ್ಟದ್ದನ್ನು 1 ವರ್ಷದವರೆಗೆ ನೋಡುತ್ತಾರೆ. ಇಂಗ್ಲೆಂಡಿನಲ್ಲಿ ಬೇರೆಯವರಿಗೆ 6 ತಿಂಗಳು, ಸಂಬಂಧಿಕರಿಗೆ 2 ವರ್ಷ. ಭಾರತದ 1920ರ ಪ್ರಾಂತೀಯ ದಿವಾಳಿ ಕಾಯ್ದೆಯಲ್ಲಿ ಒಬ್ಬರಿಗೇ ಪಕ್ಷಪಾತ ಮಾಡಿ ಕೊಟ್ಟದ್ದಕ್ಕೆ ಅರ್ಜಿಗೆ ಹಿಂದಿನ 3 ತಿಂಗಳು.

ಆಮೇಲೆ ಏನಾಗುತ್ತದೆ ಗೊತ್ತಾ? ನಿಮ್ಮ ಅಕ್ಕನಿಗೆ ಪತ್ರ ಹೋಗುತ್ತದೆ. ಇಂಥ ತಾರೀಖು ನಿಮ್ಮ ತಮ್ಮನಿಂದ ಬಂದ ದುಡ್ಡನ್ನು ವಾಪಸ್ ಕಟ್ಟಿ ಅಂತ. ನನ್ನ ಕಕ್ಷಿಗಾರರೊಬ್ಬರು ಹೀಗೇ ಗೆಳೆಯನಿಗೆ ಕೊಟ್ಟಿದ್ದರು. ಆ ಗೆಳೆಯ ಅಷ್ಟರಲ್ಲಿ ಆ ದುಡ್ಡನ್ನು ಮಗಳ ಫೀಸಿಗೆ ಕಟ್ಟಿಯಾಗಿತ್ತು. ಪತ್ರ ಹಿಡಿದು ಅವರೇ ನನ್ನ ಹತ್ತಿರ ಬಂದರು. "ನನ್ನ ದುಡ್ಡು ನನಗೆ ಬಂದಿದ್ದು ತಪ್ಪಾ?" ಅಂತ ಕೇಳಿದರು. ಆ ಪ್ರಶ್ನೆಗೆ ಅವರಿಗೆ ಸಮಾಧಾನ ಆಗುವಂಥ ಉತ್ತರ ನನ್ನಲ್ಲಿರಲಿಲ್ಲ.

ಅಕ್ಕನ ಹೆಸರನ್ನು ಪಟ್ಟಿಯಲ್ಲಿ ಮಿಕ್ಕವರ ಜೊತೆಗೇ ಬರೆಯಿರಿ. ಕೈಸಾಲಕ್ಕೆ ಕಾಗದ ಇಲ್ಲದಿದ್ದರೆ, ದುಡ್ಡು ಬಂದ ದಿನದ ಬ್ಯಾಂಕ್ ನಮೂದು ಹುಡುಕಿಡಿ. ಎಲ್ಲ ಮುಗಿದ ಮೇಲೆ ನಿಮ್ಮ ಹೊಸ ಸಂಪಾದನೆಯಲ್ಲಿ ನೀವಾಗಿಯೇ ಅಕ್ಕನಿಗೆ ಕೊಟ್ಟರೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಅವರಿಗೆ ಈಗಲೇ ಈ ಮಾತು ಹೇಳಿಬಿಡಿ, ಸಾಕು.

ಕಾರಿನದೂ ಇದೇ ಕಥೆ, ಇನ್ನೂ ಕೆಟ್ಟದಾಗಿ. ಪುಕ್ಕಟೆ ಅಥವಾ ಅಗ್ಗಕ್ಕೆ ಹೆಸರು ಬದಲಿಸಿದ್ದನ್ನು ಅಮೆರಿಕದ ದಿವಾಳಿ ಕಾನೂನು 2 ವರ್ಷ ಹಿಂದಿನವರೆಗೆ, ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾದ ಕಾನೂನುಗಳು 5 ವರ್ಷದವರೆಗೆ ಕೆದಕಬಹುದು. ತಮಾಷೆ ಏನಂದರೆ, ಓಡಾಟಕ್ಕೆ ಬೇಕಾದ ಹಳೇ ಕಾರನ್ನು ಒಂದು ಬೆಲೆಯವರೆಗೆ ಬಹಳ ಕಡೆ ನಿಮಗೇ ಬಿಡುತ್ತಾರೆ. ಸುಮ್ನೆ ಬಿಟ್ಟಿದ್ದರೆ ಉಳಿಯುತ್ತಿದ್ದ ಕಾರು, ಹೆಸರು ಬದಲಿಸಿದ್ದಕ್ಕೆ ಹೋಗುತ್ತದೆ. ಈಗಾಗಲೇ ಏನಾದರೂ ಬದಲಿಸಿದ್ದರೆ ಗುಟ್ಟಾಗಿ ವಾಪಸ್ ಬದಲಿಸಲು ಹೋಗಬೇಡಿ. ಮೊದಲು ವಕೀಲರಿಗೆ ಹೇಳಿ.

ನಿವೃತ್ತಿ ನಿಧಿಯ ಬಗ್ಗೆ ನನಗೆ ಕೊಂಚ ಸಿಟ್ಟೇ ಬರುತ್ತದೆ. ಇಷ್ಟು ವರ್ಷದಲ್ಲಿ ನಾನು ಕಂಡ ಅತಿ ದುಬಾರಿ ತಪ್ಪು ಇದು. ಮಾನ್ಯತೆ ಪಡೆದ ನಿವೃತ್ತಿ ಉಳಿತಾಯವನ್ನು ಸಾಲ ಕೊಟ್ಟವರ ಕೈಗೆ ಸಿಗದ ಹಾಗೆ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ ಬಹುಮಟ್ಟಿಗೆ ಕಾಪಾಡುತ್ತವೆ. ಭಾರತದಲ್ಲೂ ನೌಕರರ ಭವಿಷ್ಯ ನಿಧಿಯ ಹಣವನ್ನು ಸಾಲಕ್ಕೆ ಜಪ್ತಿ ಮಾಡುವಂತಿಲ್ಲ. ಆದರೆ ಅದನ್ನು ತೆಗೆದು ಉಳಿತಾಯ ಖಾತೆಗೆ ಹಾಕಿದಿರೋ, ಆ ಕಾಪು ಅಲ್ಲಿಗೆ ಹೋಗುವ ಅಪಾಯ ಇದೆ. ಯಾರೂ ಮುಟ್ಟಲಾಗದ ದುಡ್ಡನ್ನು ನೀವೇ ಹೊರಗೆ ತಂದು, ಹೇಗೂ ಮನ್ನಾ ಆಗಬಹುದಾದ ಕಾರ್ಡ್ ಸಾಲಕ್ಕೆ ಸುರಿಯುತ್ತೀರಿ. ಅಷ್ಟಾದರೂ ಆರು ತಿಂಗಳಾದ ಮೇಲೆ ಅರ್ಜಿ ಹಾಕುವುದು ತಪ್ಪುವುದಿಲ್ಲ, ಆಗ ನಿಧಿಯೂ ಇರಲ್ಲ. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ನಾನು ಈ ಉತ್ತರದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ್ದು ನಿಮ್ಮ ಸಂಬಳದ ಖಾತೆಯ ಹತ್ತಿರ. ಜನ ಆಸ್ತಿಯ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಆದರೆ ಅರ್ಜಿ ಹಾಕಿದ ವಾರ ಅವರನ್ನು ನಿಜಕ್ಕೂ ಕಾಡುವುದು ಈ ಖಾತೆ. ಸಾಲ ಕೊಟ್ಟ ಬ್ಯಾಂಕಿನಲ್ಲೇ ನಿಮ್ಮ ದುಡ್ಡೂ ಇದ್ದರೆ, ಬಾಕಿ ಬಿದ್ದಾಗ ಅದನ್ನು ಸಾಲಕ್ಕೆ ಹೊಂದಿಸಿಕೊಳ್ಳುವ ಹಕ್ಕು ಬಹಳ ದೇಶಗಳಲ್ಲಿ ಬ್ಯಾಂಕಿಗೆ ಇದೆ. ಅದಕ್ಕೆ ಕೋರ್ಟಿಗೆ ಹೋಗಬೇಕಾದ್ದೂ ಇಲ್ಲ. ಬಾಡಿಗೆಗೆ ಅಂತ ಇಟ್ಟಿದ್ದು ಬೆಳಗ್ಗೆ ಎದ್ದು ನೋಡಿದರೆ ಖಾತೆಯಲ್ಲಿ ಇರುವುದಿಲ್ಲ. ಇಂಗ್ಲೆಂಡಿನಂಥ ಕಡೆ ದಿವಾಳಿ ಆದೇಶ ಆದ ಕೂಡಲೇ ಖಾತೆ ಸ್ಥಗಿತ ಆಗಬಹುದು.

ಹಾಗಾಗಿ ಒಂದು ಪೈಸೆಯೂ ಸಾಲವಿಲ್ಲದ, ಈಗಿನ ಬ್ಯಾಂಕಿನ ಗುಂಪಿಗೂ ಸೇರದ ಬೇರೆ ಬ್ಯಾಂಕಿನಲ್ಲಿ ಸಾದಾ ಖಾತೆ ತೆರೆಯಿರಿ. ಓವರ್‌ಡ್ರಾಫ್ಟ್ ಬೇಡ, ಕ್ರೆಡಿಟ್ ಕಾರ್ಡ್ ಬೇಡ. ಅರ್ಜಿ ಆದ ಮೇಲೆ ಖಾತೆ ಸಿಗುವುದು ಕಷ್ಟ, ಈಗಲೇ ಮಾಡಿ. ಕಚೇರಿಯಲ್ಲಿ ಸಂಬಳದ ಖಾತೆ ಬದಲಿಸಲು ಒಂದು ತಿಂಗಳು ಹಿಡಿಯಬಹುದು. ಮೊದಲ ಸಂಬಳ ಹೊಸ ಖಾತೆಗೆ ಬಂದಿದ್ದನ್ನು ಕಣ್ಣಾರೆ ನೋಡಿದ ಮೇಲೇ ಮುಂದಿನ ಹೆಜ್ಜೆ. ನಿಮ್ಮ ಸಾಲದ ಕರಾರಿನಲ್ಲಿ ಸಂಬಳ ಇದೇ ಬ್ಯಾಂಕಿಗೆ ಬರಬೇಕು ಅಂತ ಷರತ್ತು ಇದೆಯಾ ಅಂತಲೂ ನೋಡಿಕೊಳ್ಳಿ. "ಇದು ಮುಚ್ಚಿಟ್ಟ ಹಾಗೆ ಆಗಲ್ವಾ?" ಅಂತ ಕೇಳುತ್ತಾರೆ. ಅರ್ಜಿಯಲ್ಲಿ ಎರಡೂ ಖಾತೆಯ ವಿವರ ಕೊಡುತ್ತೀರಿ, ಆದ್ದರಿಂದ ಇಲ್ಲ. ನಗದು ತೆಗೆದು ಮನೆಯಲ್ಲಿ ಇಟ್ಟರೆ ಮಾತ್ರ ವಿವರಣೆ ಕೊಡುವ ಹೊತ್ತಿಗೆ ಬೆವರು ಇಳಿಯುತ್ತದೆ.

ಆಮೇಲೆ ಆಟೋ ಡೆಬಿಟ್‌ಗಳು. ಹಳೇ ಖಾತೆಯ 12 ತಿಂಗಳ ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿಕೊಂಡು, ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ಗುರುತು ಮಾಡಿ. ಮೂರು ತಿಂಗಳದ್ದು ನೋಡಿದರೆ ಸಾಲದು, ವರ್ಷಕ್ಕೊಮ್ಮೆ ಹೋಗುವ ವಿಮೆ ಕಂತು ಅದರಲ್ಲಿ ಸಿಗುವುದಿಲ್ಲ. ವಿಮೆ, ಕರೆಂಟು, ಫೋನು ಹೊಸ ಖಾತೆಗೆ ಹೋಗಲಿ. ಮರೆತೇ ಹೋದ ಚಂದಾಗಳು ನಿಂತುಹೋಗಲಿ. ನಿಲ್ಲಿಸುವಾಗ ಕಂಪನಿಗೂ ಹೇಳಿ, ಬ್ಯಾಂಕಿಗೂ ಹೇಳಿ. ಒಂದೇ ಕಡೆ ಹೇಳಿದರೆ ಮುಂದಿನ ತಿಂಗಳು ಮತ್ತೆ ಬಂದು ಬಡಿಯುತ್ತದೆ, ಖಾತೆ ಖಾಲಿ ಇದ್ದರೆ ಅದರ ಮೇಲೆ ದಂಡ ಬೇರೆ.

ಹೆಂಡತಿಯ ಜೊತೆ ಜಂಟಿ ಖಾತೆ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಅವರ ಸಂಬಳ ಅದಕ್ಕೆ ಬರದ ಹಾಗೆ ನೋಡಿಕೊಳ್ಳಿ. ಜಂಟಿ ಖಾತೆಯಲ್ಲಿ ಯಾರ ದುಡ್ಡು ಯಾವುದು ಅಂತ ಆಮೇಲೆ ಬಿಡಿಸುವುದು ದೊಡ್ಡ ರಗಳೆ.

ಕಾರ್ಡುಗಳನ್ನು ಇವತ್ತಿಗೇ ನಿಲ್ಲಿಸಿ. ಒಂದರಿಂದ ತೆಗೆದು ಇನ್ನೊಂದಕ್ಕೆ ಕಟ್ಟುವುದನ್ನು ಮೊದಲು ನಿಲ್ಲಿಸಿ. ಪ್ರತಿ ಸಲ ನಗದು ತೆಗೆದ ದಿನದಿಂದಲೇ ಬಡ್ಡಿ, ಮೇಲೊಂದು ಶುಲ್ಕ. ಅದಕ್ಕಿಂತ ಮುಖ್ಯವಾಗಿ, ತೀರಿಸಲು ಆಗಲ್ಲ ಅಂತ ಗೊತ್ತಿದ್ದೂ ಮಾಡಿದ ಸಾಲ ಅಂತ ಅದನ್ನು ಓದಬಹುದು. ಅಮೆರಿಕದ ಕಾನೂನಿನಲ್ಲಿ ಅರ್ಜಿಗೆ ಹಿಂದಿನ 70 ದಿನದಲ್ಲಿ ಒಂದು ಮೊತ್ತಕ್ಕಿಂತ ಜಾಸ್ತಿ ನಗದು ತೆಗೆದಿದ್ದರೆ, ಅಥವಾ 90 ದಿನದಲ್ಲಿ ಒಬ್ಬರೇ ಕೊಟ್ಟ ಸಾಲದಲ್ಲಿ ಒಂದು ಮೊತ್ತಕ್ಕಿಂತ ಜಾಸ್ತಿ ಐಷಾರಾಮಿ ಖರೀದಿ ಮಾಡಿದ್ದರೆ, ಆ ಸಾಲ ಮನ್ನಾ ಆಗಬಾರದು ಅನ್ನುವ ಊಹೆಯಿಂದಲೇ ಶುರು ಮಾಡುತ್ತಾರೆ. ಉಲ್ಟಾ ಸಾಬೀತು ಮಾಡುವ ಹೊರೆ ನಿಮ್ಮದು.

ಹಾಗಾದರೆ ಕಾರ್ಡಿನ ಕಂತು ಕಟ್ಟುವುದನ್ನೇ ನಿಲ್ಲಿಸಬೇಕಾ? ಅರ್ಜಿ ಖಂಡಿತ ಅಂತ ತೀರ್ಮಾನ ಆಗಿದ್ದರೆ, ಅಡಮಾನವಿಲ್ಲದ ಸಾಲಕ್ಕೆ ಮತ್ತೆ ಮತ್ತೆ ಮಿನಿಮಮ್ ಕಟ್ಟುವುದರಲ್ಲಿ ಅರ್ಥ ಕಡಿಮೆ. ಆದರೆ ನಿಲ್ಲಿಸಿದ ದಿನದಿಂದ ಫೋನು ಶುರುವಾಗುತ್ತದೆ, ದಂಡ ಏರುತ್ತದೆ, ಯಾರಾದರೂ ದಾವೆ ಹೂಡಿದರೆ ಸಂಬಳದ ಮೇಲೇ ಜಪ್ತಿ ಬರಬಹುದು. ಅದಕ್ಕೇ ನಾನು ಹೇಳುವ ಕ್ರಮ ಇದು: ಮೊದಲು ವಕೀಲರನ್ನೋ ದಿವಾಳಿ ಸಲಹೆಗಾರರನ್ನೋ ನೋಡಿ, ಅರ್ಜಿಯ ಅಂದಾಜು ತಾರೀಖು ಗೊತ್ತು ಮಾಡಿಕೊಂಡು, ಆಮೇಲೆ ಅವರ ಮಾತಿನಂತೆ ನಿಲ್ಲಿಸಿ. ತಾರೀಖೇ ಇಲ್ಲದೆ ನಿಲ್ಲಿಸಿ ಎಂಟು ತಿಂಗಳು ಕೂತವರನ್ನು ನೋಡಿದ್ದೇನೆ. ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಮುಂಗಡ ತಾರೀಖಿನ ಚೆಕ್‌ಗಳನ್ನು ಯಾರಿಗಾದರೂ ಕೊಟ್ಟಿದ್ದರೆ ಇದನ್ನು ಮೊದಲೇ ಹೇಳಿ. ಭಾರತದಲ್ಲಿ ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಪ್ರಕಾರ ಅದು ಕ್ರಿಮಿನಲ್ ಕೇಸು, ದಿವಾಳಿ ಅರ್ಜಿಯ ನೆರಳಲ್ಲಿ ತಾನಾಗೇ ಕರಗುವುದಿಲ್ಲ.

ಬಾಡಿಗೆ, ಊಟ, ಕರೆಂಟು, ಔಷಧಿ, ವಿಮೆ ಇವೆಲ್ಲ ಮಾಮೂಲಾಗಿ ನಡೆಯಲಿ. ಎಷ್ಟೇ ತಡವಾಗಿದ್ದರೂ ತೆರಿಗೆ ರಿಟರ್ನ್ ಸಲ್ಲಿಸಿಬಿಡಿ.

ಬೋನಸ್ ಬಂದರೆ ಏನು ಮಾಡುವುದು? ಮನೆಯ ಸಹಜ ಖರ್ಚಿಗೆ ಬಳಸಿ. ಬಾಕಿ ಬಾಡಿಗೆ, ವಕೀಲರ ಫೀಸು, ಮುಂದೂಡುತ್ತಾ ಬಂದ ಹಲ್ಲಿನ ಚಿಕಿತ್ಸೆ, ಕಾರಿನ ಸವೆದ ಟೈರು, ಇಂಥವಕ್ಕೆ ನ್ಯಾಯವಾಗಿ ಖರ್ಚು ಮಾಡಬಹುದು. ರಶೀದಿ ಇಟ್ಟುಕೊಳ್ಳಿ. ಪ್ರವಾಸ, ಹೊಸ ಟಿವಿ, ಇನ್ಯಾರಿಗೋ ಉಡುಗೊರೆ ಬೇಡ. ಮಿಕ್ಕಿದ್ದನ್ನು ಮಿಕ್ಕಿದೆ ಅಂತಲೇ ತೋರಿಸಿ. ಬೋನಸ್ ಬರುವ ಮುಂಚೆ ಅರ್ಜಿಯೋ ಆಮೇಲೋ ಅನ್ನುವುದೂ ದೊಡ್ಡ ಪ್ರಶ್ನೆ, ಅದನ್ನು ನಿಮ್ಮ ವಕೀಲರ ಮುಂದಿಡಿ.

ಕಾಗದಪತ್ರಗಳಿಗೆ ಬರೋಣ. ಒಬ್ಬರು ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಮೇಜಿನ ಮೇಲೆ ಸುರಿದಿದ್ದರು. ಹದಿನಾಲ್ಕು ತಿಂಗಳ ಪತ್ರಗಳು, ಒಂದನ್ನೂ ಒಡೆದಿರಲಿಲ್ಲ. ಲಕೋಟೆಯ ಮೇಲಿನ ಹೆಸರು ನೋಡಿದರೇ ಹೊಟ್ಟೆಯಲ್ಲಿ ತಳಮಳ ಆಗುತ್ತಿತ್ತಂತೆ. ಇಬ್ಬರೂ ಕೂತು ಒಡೆದೆವು, ತಾರೀಖಿನ ಪ್ರಕಾರ ಜೋಡಿಸಿದೆವು. ಅರ್ಧದಷ್ಟು ಜಾಹೀರಾತು. ಒಂದೇ ಸಾಲ ಎರಡು ಹೆಸರಲ್ಲಿ ಬಂದಿತ್ತು, ಮೂಲ ಬ್ಯಾಂಕು ಅದನ್ನು ವಸೂಲಿ ಕಂಪನಿಗೆ ಮಾರಿತ್ತು. ಅವರು ತಮ್ಮ ತಲೆಯಲ್ಲಿ ಎರಡನ್ನೂ ಕೂಡಿಸಿಕೊಂಡು ಕೂತಿದ್ದರು. ಒಂದು ಕೋರ್ಟಿನ ನೋಟಿಸೂ ಇತ್ತು, ಅದರ ಗಡುವು ಮುಗಿಯಲು ಒಂಬತ್ತು ದಿನ ಬಾಕಿ.

ನಿಮ್ಮದೂ ಎಲ್ಲೋ ಒಂದು ಡ್ರಾಯರ್‌ನಲ್ಲಿ ಇರುತ್ತದೆ ಅಂತ ನನ್ನ ಅನುಮಾನ. ಒಡೆಯಿರಿ. ಯಾರಿಗೆ, ಎಷ್ಟು, ಯಾವಾಗಿನಿಂದ, ಅಡಮಾನ ಇದೆಯಾ, ಜಾಮೀನು ಯಾರು, ಇಷ್ಟು ಒಂದು ಹಾಳೆಯಲ್ಲಿ ಬರೆಯಿರಿ. ಸಂಬಳದ ಚೀಟಿ, ತೆರಿಗೆ ರಿಟರ್ನ್, ಮುಚ್ಚಿದ ವ್ಯವಹಾರದ ಲೆಕ್ಕಪುಸ್ತಕ ಒಂದು ಕಡೆ ಸೇರಿಸಿ. ಲೆಕ್ಕಪುಸ್ತಕ ಬಿಸಾಡಬೇಡಿ, ವ್ಯವಹಾರ ಮಾಡಿದವರ ಹತ್ತಿರ ಅದನ್ನು ಕೇಳಿಯೇ ಕೇಳುತ್ತಾರೆ. ಮೊಬೈಲ್ ವಾಲೆಟ್‌ನಲ್ಲಿ ಉಳಿದ ಚಿಲ್ಲರೆ, ಷೇರು, ಕ್ರಿಪ್ಟೊ, ಬೇರೆಯವರು ನಿಮಗೆ ಕೊಡಬೇಕಾದ ದುಡ್ಡು, ಇವೂ ಪಟ್ಟಿಗೆ ಸೇರಬೇಕು. ಬಿಟ್ಟುಹೋದದ್ದು ಆಮೇಲೆ ಸಿಕ್ಕಿದರೆ "ಮರೆತೆ" ಅನ್ನುವುದನ್ನು ನಂಬುವವರು ಕಡಿಮೆ.

ಹೆಂಡತಿಯ ತಮ್ಮನ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಿಮ್ಮ ದಿವಾಳಿ ನಿಮ್ಮನ್ನು ಬಿಡಿಸುತ್ತದೆ, ಜಾಮೀನು ನಿಂತವರನ್ನು ಬಿಡಿಸುವುದಿಲ್ಲ. ನೀವು ಅರ್ಜಿ ಹಾಕಿದ ಮೇಲೆ ಬ್ಯಾಂಕು ನೇರ ಅವರ ಬಾಗಿಲಿಗೆ ಹೋಗುತ್ತದೆ. ಪೂರ್ತಿ ಬಾಕಿಯನ್ನೂ ಕೇಳಬಹುದು. ಅವರಿಗೆ ಇದು ಬ್ಯಾಂಕಿನ ಫೋನಿನಿಂದ ಗೊತ್ತಾಗಬಾರದು. ಮೊದಲೇ ಗೊತ್ತಾದರೆ ಅವರು ಬ್ಯಾಂಕಿನ ಜೊತೆ ಕಂತು ಮಾಡಿಕೊಳ್ಳಬಹುದು, ತಮ್ಮದೇ ವಕೀಲರನ್ನು ನೋಡಬಹುದು. ಜಾಮೀನು ಸಾಲವನ್ನು ಮಾತ್ರ ಮೊದಲು ತೀರಿಸಿ ಅವರನ್ನು ಉಳಿಸೋಣ ಅನ್ನಿಸುತ್ತದೆ. ಅದೂ ಅಕ್ಕನ ಕಥೆಯ ಹಾಗೇ ಪಕ್ಷಪಾತ ಅನ್ನಿಸಿಕೊಳ್ಳಬಹುದು, ಎಚ್ಚರ.

ದಿವಾಳಿಯೇ ಆಗಬೇಕಾ ಅನ್ನುವುದೂ ಇನ್ನೂ ತೀರ್ಮಾನ ಆಗಿಲ್ಲ ಅಂತಲೇ ಇಟ್ಟುಕೊಳ್ಳಿ. ಕೆಲಸ ಇದೆ, ತಿಂಗಳು ತಿಂಗಳು ಸಂಬಳ ಬರುತ್ತಿದೆ. ಹಾಗಿರುವವರಿಗೆ ಕೋರ್ಟಿನ ಅಥವಾ ಕಾನೂನಿನ ಚೌಕಟ್ಟಿನಲ್ಲೇ ಕಂತಿನ ಯೋಜನೆ ಹಲವು ದೇಶಗಳಲ್ಲಿದೆ. ಅಮೆರಿಕದ ದಿವಾಳಿ ಕಾನೂನಿನ 13ನೇ ಅಧ್ಯಾಯದ ಯೋಜನೆ 3ರಿಂದ 5 ವರ್ಷ. ಆಸ್ತಿ ಉಳಿಯುತ್ತದೆ, ಆದರೆ ಅಷ್ಟು ವರ್ಷ ಬಿಗಿ ಲೆಕ್ಕದಲ್ಲಿ ಬದುಕಬೇಕು. ನಡುವೆ ಕೆಲಸ ಹೋದರೆ ಯೋಜನೆ ಕುಸಿಯಬಹುದು. ಬ್ಯಾಂಕುಗಳ ಜೊತೆ ನೇರ ಸೆಟಲ್‌ಮೆಂಟ್ ಮಾಡಿಕೊಳ್ಳಬಹುದು, ಆದರೆ ಆರು ಜನರಲ್ಲಿ ಐದು ಜನ ಒಪ್ಪಿ ಒಬ್ಬರು ಕೋರ್ಟಿಗೆ ಹೋದರೆ ಎಲ್ಲ ಕೆಡುತ್ತದೆ. ಒಪ್ಪಿದ್ದನ್ನು ಬರಹದಲ್ಲಿ ಪಡೆಯದೆ ಒಂದು ರೂಪಾಯಿಯೂ ಕಟ್ಟಬೇಡಿ. "ನಿಮ್ಮ ಸಾಲ ಅರ್ಧ ಮಾಡಿಸಿಕೊಡುತ್ತೇವೆ, ಮೊದಲು ಫೀಸು ಕಟ್ಟಿ" ಅನ್ನುವವರಿಂದ ದೂರ ಇರಿ.

ನೇರ ದಿವಾಳಿಯಾದರೆ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 12 ತಿಂಗಳಿಗೆ ಬಿಡುಗಡೆ, ಆಸ್ಟ್ರೇಲಿಯಾದಲ್ಲಿ 3 ವರ್ಷ 1 ದಿನ, ಆ ಅವಧಿಯಲ್ಲಿ ವಿದೇಶಕ್ಕೆ ಹೋಗಲು ಟ್ರಸ್ಟಿಯ ಒಪ್ಪಿಗೆ ಬೇಕು. ಅಮೆರಿಕದಲ್ಲಿ ಅರ್ಜಿಗೆ ಹಿಂದಿನ 180 ದಿನದೊಳಗೆ ಸಾಲ ಸಮಾಲೋಚನೆ ಮುಗಿಸಿರಬೇಕು. ಭಾರತದಲ್ಲಿ 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಅಂತ ಒಂದು ಭಾಗವೇ ಇದೆ. ಆದರೆ ಅದು 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದಿದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಮಿಕ್ಕವರಿಗೆ 1909 ಮತ್ತು 1920ರ ಹಳೇ ಕಾಯ್ದೆಗಳೇ ದಾರಿ. ನಿಧಾನದ ದಾರಿ ಅದು. ನಿಮ್ಮ ಈಗಿನ ಕೆಲಸಕ್ಕೆ ಲೈಸೆನ್ಸ್ ಬೇಕಿದ್ದರೆ, ದುಡ್ಡು ನಿಭಾಯಿಸುವ ಹುದ್ದೆಯಾದರೆ, ದಿವಾಳಿಯಿಂದ ಅದಕ್ಕೆ ಅಡ್ಡಿಯಾಗುತ್ತದಾ ಅಂತ ಅರ್ಜಿಗೆ ಮುಂಚೆಯೇ ತಿಳಿದುಕೊಳ್ಳಿ.

ಕೊನೆಗೆ ನೀವು ಇನ್ನೊಂದು ಮಾತು ಅಂತ ಬರೆದಿದ್ದು. ನಿಮ್ಮ ಸಾಲಕ್ಕೆ ನಿಮ್ಮ ಹೆಂಡತಿ ಸಹಿ ಹಾಕಿರದಿದ್ದರೆ ಸಾಮಾನ್ಯವಾಗಿ ಅವರು ಹೊಣೆಯಲ್ಲ. ಆ ಲೆಕ್ಕದಲ್ಲಿ ಹೇಳದೆಯೂ ಮುಗಿಸಬಹುದು ಅಂತ ನಿಮಗೆ ಅನ್ನಿಸಿರಬಹುದು. ಆಗುವುದಿಲ್ಲ. ಪತ್ರಗಳು ಮನೆಗೇ ಬರುತ್ತವೆ, ತಮ್ಮನಿಗೆ ಬ್ಯಾಂಕಿನಿಂದ ಫೋನು ಹೋಗುತ್ತದೆ. ಅದಕ್ಕೂ ಮುಂಚೆ ನಿಮ್ಮ ಕೈಗೆ ಮನೆ ಖರ್ಚಿನ ಒಂದು ಫಾರಂ ಬರುತ್ತದೆ. ದಿನಸಿಗೆ ತಿಂಗಳಿಗೆ ಎಷ್ಟು, ಮಕ್ಕಳಿಗೆ ಎಷ್ಟು, ಔಷಧಿಗೆ ಎಷ್ಟು, ಬಟ್ಟೆಗೆ ಎಷ್ಟು, ಮನೆಯ ಇನ್ನೊಬ್ಬರ ಆದಾಯ ಎಷ್ಟು ಅಂತ ಸಾಲು ಸಾಲಾಗಿ ಕೇಳಿರುತ್ತಾರೆ. ನನ್ನ ಮುಂದೆ ಆ ಫಾರಂ ಹಿಡಿದು ಕೂತ ಎಷ್ಟೋ ಗಂಡಸರು ಮೊದಲ ಪುಟದಲ್ಲಿ ಸರಸರ ಬರೆದು, ಎರಡನೇ ಪುಟದ ದಿನಸಿಯ ಸಾಲಿಗೆ ಬಂದು ಪೆನ್ನು ಕೆಳಗಿಟ್ಟಿದ್ದಾರೆ. "ಇದು ಅವಳನ್ನೇ ಕೇಳಬೇಕು ಸಾರ್" ಅನ್ನುತ್ತಾರೆ. ನೀವು ವಕೀಲರ ಹತ್ತಿರ ಹೋಗುವ ಮುಂಚೆಯೇ ಆ ಪುಟವನ್ನು ಮನೆಯಲ್ಲಿ ಇಬ್ಬರೂ ಕೂತು ತುಂಬಿ.